ಟವರ್ ಏರಿದ ಬುತ್ತಿ

ಹೊಳೆದಂಡೆಯ ಮಾಗಳ ಊರಿನ ಆ ಗಾಳಿಫ್ಯಾನ್ ಮೆಕ್ಯಾನಿಕ್ ನಮ್ಮಲ್ಲಿ ಬುತ್ತಿ ಗೊತ್ತುಮಾಡಲು ಬಂದ ದಿನ ಚೀಲದಿಂದ ಮೊದಲು ತೆಗೆದದ್ದು ಸೂಜಿಮದ್ದಿನ ಒಂದು ಪುಟ್ಟ ಡಬ್ಬಿ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅದರ ಮುಚ್ಚಳ ತೆರೆದ. ತೊಡೆಯ ಹೊರಮಗ್ಗುಲು ತೋರಿಸಿ, ಇಲ್ಲಿ ಚುಚ್ಚಬೇಕು, ಪ್ಯಾಂಟಿನ ಮೇಲೆಯೇ ಚುಚ್ಚಿದರೂ ನಡೆಯುತ್ತದೆ ಎಂದ. ನಾನು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದೆ. ಕೈ ಅಲ್ಲೇ ನಿಂತಿತು. ನಮ್ಮಲ್ಲಿ ಬುತ್ತಿ ಕಟ್ಟಿಸಿಕೊಳ್ಳಲು ಎಷ್ಟೋ ಜನ ಬಂದಿದ್ದರು. ಖಾರ ಕಡಿಮೆ ಮಾಡ್ರಿ, ಎಣ್ಣೆ ಕಡಿಮೆ ಹಾಕ್ರಿ ಎನ್ನುತ್ತಿದ್ದರು. ಉಣ್ಣುವ ಮೊದಲೇ ತನ್ನ ಜೀವ ಉಳಿಸುವ ಬಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಹರಪನಹಳ್ಳಿಯಿಂದ ಹಡಗಲಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರ ಹಿಂದಿನ ಗುಡ್ಡದ ಸಾಲಿನುದ್ದಕ್ಕೂ ಗಾಳಿಯಿಂದ ಕರೆಂಟ್ ಮಾಡುವ ಫ್ಯಾನುಗಳು ನಿಂತಿವೆ. ಗಾಳಿಗಾಲ ಶುರುವಾಗುವ ಮುಂಚೆ, ಬೇಸಿಗೆಯಲ್ಲೇ, ಅವುಗಳ ಬೋಲ್ಟು ಬಿಗಿದು, ಎಣ್ಣೆ ಬದಲಿಸಿ ಸರ್ವಿಸ್ ಮುಗಿಸಬೇಕು. ಆ ವರ್ಷ ಆ ಕೆಲಸಕ್ಕೆ ಬಂದ ತಂಡಕ್ಕೆ ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸೇರಿ ಅಡುಗೆ ಮಾಡಿಕೊಡುತ್ತಿದ್ದೆವು. ತಂಡದ ಲೀಡರ್ ಕೂಡ್ಲಿಗಿ ಕಡೆಯವರು, ಮಾತು ಕಡಿಮೆ. ಅವರ ಕೈಕೆಳಗೆ ಇಬ್ಬರು ಮೆಕ್ಯಾನಿಕ್ಕುಗಳು ಮತ್ತು ಜೀಪಿನ ಡ್ರೈವರ್. ಆ ಇಬ್ಬರಲ್ಲಿ ಒಬ್ಬ ಈ ಮಾಗಳದಾತ. ವಯಸ್ಸು ಮೂವತ್ತರ ಆಸುಪಾಸು, ಗಟ್ಟಿ ಮೈಕಟ್ಟು. ನೋಡಿದರೆ ಯಾವ ಕಾಯಿಲೆಯೂ ಹತ್ತಿರ ಸುಳಿಯಲಾರದು ಅನ್ನಿಸುತ್ತಿತ್ತು.

ಆತನ ಮೈಗೆ ಗೋಧಿ ಆಗಿಬರುತ್ತಿರಲಿಲ್ಲ. ಹಾಲೂ ಆಗಿಬರುತ್ತಿರಲಿಲ್ಲ. ಗೋಧಿಯ ಅಂಟಿಗೆ ಗ್ಲುಟೆನ್ ಅಂತಾರೆ, ಅದೇ ನನಗೆ ವಿಷ ಎಂದ. ಅದನ್ನು ತಿಂದು ಸುಮ್ಮನೆ ಕೂತರೆ ಒಂದಿಷ್ಟು ತುರಿಕೆ ಎದ್ದು ಅಡಗುತ್ತದೆಯಂತೆ. ತಿಂದು ಮೈ ದಣಿಸಿದರೆ ಮಾತ್ರ ತುಟಿ ಊದಿ, ಗಂಟಲು ಬಿಗಿದು, ಉಸಿರೇ ನಿಲ್ಲುವ ಹಾಗಾಗುತ್ತದೆಯಂತೆ. ಹಿಂದೊಮ್ಮೆ ಚಪಾತಿ ತಿಂದು ಭತ್ತದ ಚೀಲ ಹೊರಲು ಹೋಗಿ ಹೊಳೆದಂಡೆಯಲ್ಲಿ ಬಿದ್ದಿದ್ದನಂತೆ. ದಾವಣಗೆರೆಯ ಡಾಕ್ಟರು ಕಾರಣ ಕಂಡುಹಿಡಿದು ಆ ಸೂಜಿ ಕೊಟ್ಟಿದ್ದರು.

ಹಾಗಿದ್ದರೆ ಈ ಕೆಲಸ ಯಾಕೆ ಎಂದು ಕೇಳಿದೆ. ಆಕಾಶಕ್ಕೆ ಹಾಕಿದ ಏಣಿ ಹತ್ತುವುದಕ್ಕಿಂತ ದೊಡ್ಡ ದಣಿವು ಇನ್ನೇನಿದೆ?

"ಮ್ಯಾಲ ಹೋದ್ರ ಒಂದ್ ಥರಾ ಸಮಾಧಾನ ಆಗತೈತಿ ಅಕ್ಕಾರ. ಬೆಳಿಗ್ಗೆ ಮೋಡ ಇಲ್ದಾಗ ಅಲ್ಲಿಂದ ನಮ್ಮ ಹೊಳಿ ಕಾಣತೈತಿ," ಎಂದ.

ನನ್ನ ಮನಸ್ಸಿನೊಳಗೆ ಆವತ್ತೇ ಒಂದು ಅಳುಕು ಬಂದು ಕೂತಿತು.

ಕೆಲಸದ ಕಷ್ಟ ಬೇರೆಯೇ ಇತ್ತು. ಹೊತ್ತು ಏರಿದಂತೆ ಗುಡ್ಡದ ಮೇಲೆ ಗಾಳಿ ಏಳುತ್ತದೆ. ಅದಕ್ಕೆ ಅವರು ಬೆಳಕು ಹರಿಯುವ ಮುಂಚೆಯೇ ಊರು ಬಿಡುತ್ತಿದ್ದರು. ಬಿಸಿಲು ಚುರುಕಾಗುವ ಹೊತ್ತಿಗೆ ಮೇಲಿನ ಕೋಣೆಯಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಕೋಣೆ ಅಂದರೆ ರೆಕ್ಕೆಗಳ ಹಿಂದೆ, ಟವರಿನ ನೆತ್ತಿಯ ಮೇಲೆ ಕೂತಿರುವ ತಗಡಿನ ಪೆಟ್ಟಿಗೆ. ಒಳಗೆಲ್ಲ ಯಂತ್ರ, ಕಾಲು ಚಾಚಲು ಜಾಗವಿಲ್ಲ. ಹೀಗಾಗಿ ಬುತ್ತಿಯನ್ನು ಹಿಂದಿನ ದಿನ ಸಂಜೆಯೇ ಮಾಡಿಡಬೇಕು. ಬೇಸಿಗೆಯ ಸೆಕೆಗೆ ಅದು ಹಳಸಬಾರದು. ಒಂದು ಕೈಯಲ್ಲಿ ಹಿಡಿದು ತಿನ್ನುವಂತಿರಬೇಕು. ದೊಡ್ಡ ಪಾನಾ ಹಿಡಿದು ಬೋಲ್ಟು ಬಿಗಿಯುವ ಮೈಗೆ ಮಧ್ಯಾಹ್ನದವರೆಗೂ ತಡೆಯುವಂತಿರಬೇಕು. ಉಳಿದವರಿಗಾದರೆ ಉಪ್ಪಿಟ್ಟು, ಚಪಾತಿ, ಮೊಸರನ್ನ ಹೇಗೋ ನಡೆಯುತ್ತಿತ್ತು. ಈತನ ಮಟ್ಟಿಗೆ ಅವೆಲ್ಲ ಮುಟ್ಟುವಂತಿರಲಿಲ್ಲ.

ನಮ್ಮ ಕಡೆಯ ಜೋಳದ ಕಟಕ ರೊಟ್ಟಿಯೇ ಕೈ ಹಿಡಿಯಿತು. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಕಾವಿಗೆ ಒರಗಿಸಿ ಗರಿಗರಿಯಾಗಿ ಒಣಗಿಸಿದರೆ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ. ಹೆಸರುಕಾಳನ್ನು ಮೊಳಕೆ ಬರಿಸಿ, ನೀರಿಲ್ಲದೆ ಹುರಿದು, ಮೇಲೆ ಹುಣಸೆಹುಳಿ ಹಿಂಡಿ ಆರಿಸಿ ಕಟ್ಟುತ್ತಿದ್ದೆ. ಹುಳಿ ಇದ್ದರೆ ಬೆಳಗಿನವರೆಗೂ ವಾಸನೆ ತಿರುಗುವುದಿಲ್ಲ. ಬೆಲ್ಲದ ಶೇಂಗಾ ಉಂಡೆ ಎರಡು. ಚಹಾಕ್ಕೆ ಹಾಲಿನ ಬದಲು ನಿಂಬೆಹುಳಿ. ಆತನಿಗೆಂದೇ ಹೊಸ ಹಂಚು, ಹಿಟ್ಟು ನಾದುವ ಹೊಸ ಕೊಣಮಿಗೆ, ಹೊಸ ಡಬ್ಬಿ ತಂದೆ. ಅಡುಗೆಮನೆಯ ಹಿತ್ತಿಲ ಕಡೆಯ ಒಲೆಯನ್ನು ಆತನಿಗೇ ಬಿಟ್ಟೆ. ಚಪಾತಿ ಹಿಟ್ಟು ಕಲಸಿದ ಕೈಯಲ್ಲಿ ಆ ಕಡೆ ಹೋಗಬಾರದೆಂದು ನೆಗೆಣ್ಣಿಗೂ ಹೇಳಿದೆ. ಅವಳು ನಕ್ಕಳು. ಇಷ್ಟು ಮಡಿ ದೇವರಿಗೂ ಮಾಡುತ್ತಿರಲಿಲ್ಲ ನೀನು ಎಂದಳು. ಆದರೂ ಹೇಳಿದಂತೆ ನಡೆದುಕೊಂಡಳು.

ಮೊದಲ ಪೆಟ್ಟು ಬೇಗನೆ ಬಿತ್ತು. ಒಂದು ಸಂಜೆ ಆತ ಜೀಪಿನಿಂದ ಇಳಿದಾಗ ಕುತ್ತಿಗೆಯ ತುಂಬ ಕೆಂಪು ದದ್ದು ಎದ್ದಿತ್ತು. ಬೆವರುಸಾಲೆ ಎಂದರು ಲೀಡರ್. ಆತನೂ ಹೂಂ ಅಂದ. ನನಗೆ ನಂಬಿಕೆ ಬರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಎದ್ದವು. ಈ ಸಲ ಕಣ್ಣರೆಪ್ಪೆಯೂ ಊದಿತ್ತು. ನಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆದೆ. ಕಾಳು ನಾನೇ ಹಸನು ಮಾಡಿದ್ದು. ಶೇಂಗಾ ನಾನೇ ಹುರಿದದ್ದು. ಉಳಿದದ್ದು ಜೋಳದ ಹಿಟ್ಟು. ಅದು ಊರ ಗಿರಣಿಯಲ್ಲಿ ಬೀಸಿದ್ದು.

ಮರುದಿನ ಗಿರಣಿಗೆ ಹೋಗಿ ಸುಮ್ಮನೆ ಒಂದು ಮೂಲೆಯಲ್ಲಿ ನಿಂತೆ. ನನ್ನ ಮುಂದಿನವಳ ಗೋಧಿ ಮುಗಿಯಿತು. ಗಿರಣಿಯವನು ಅದೇ ಬಾಯಿಗೆ ನನ್ನ ಜೋಳ ಸುರಿದ. ಕೆಳಗಿನ ಬಟ್ಟೆಯ ಕೊಳವೆಯನ್ನು ಒಮ್ಮೆ ಕೊಡವಿದ, ಅಷ್ಟೆ. ಮೊದಲು ಬಿದ್ದ ಹಿಟ್ಟು ಜೋಳದ್ದಕ್ಕಿಂತ ನಸುಗೆಂಪಾಗಿತ್ತು. ಗಿರಣಿಯವನದ್ದೇನೂ ತಪ್ಪಿಲ್ಲ, ಎಲ್ಲರ ಹಿಟ್ಟೂ ಹಾಗೇ ಬೀಳುವುದು. ಗೋಡೆ, ತೊಲೆ, ತೂಕದ ತಟ್ಟೆ, ಆತನ ಹುಬ್ಬು, ಎಲ್ಲದರ ಮೇಲೂ ಬಿಳಿ ಧೂಳು ಕೂತಿತ್ತು. ವರ್ಷಗಟ್ಟಲೆ ನೋಡಿದ ಜಾಗ ಅದು. ಆವತ್ತು ಅಲ್ಲಿ ಉಸಿರಾಡುವುದಕ್ಕೂ ಹೆದರಿಕೆಯಾಯಿತು.

ಆ ಸಂಜೆ ಮಾಗಳದಾತ ತನ್ನ ಫೋನಿನಿಂದ ಡಾಕ್ಟರಿಗೆ ಹಚ್ಚಿಕೊಟ್ಟ. ಡಾಕ್ಟರು ನನಗೆ ಸಾವಧಾನವಾಗಿ ವಿವರಿಸಿದರು. ದದ್ದು ಅಂದರೆ ಬಾಗಿಲು ತಟ್ಟಿದ ಹಾಗೆ, ಒಳಗೆ ಬರುವುದು ಇನ್ನೂ ಇದೆ ಎಂದರು. ಅದು ಬಂದಾಗ ಆತನನ್ನು ನಡೆಸಬೇಡಿ, ಹತ್ತಿಸಬೇಡಿ, ಇಳಿಸಬೇಡಿ. ಎಲ್ಲಿದ್ದಾನೋ ಅಲ್ಲೇ ಮಲಗಿಸಿ, ಕಾಲು ಎತ್ತರಕ್ಕಿಡಿ. ಉಸಿರಾಡಲು ಕಷ್ಟವಾದರೆ ಒರಗಿಸಿ ಕೂರಿಸಿ. ತಡಮಾಡದೆ ಸೂಜಿ ಚುಚ್ಚಿ ಆಸ್ಪತ್ರೆಗೆ ಕರೆತನ್ನಿ. ದಣಿವೇ ಅದಕ್ಕೆ ದಾರಿ ಮಾಡಿಕೊಡುತ್ತದೆ. ಇದನ್ನು ಲೀಡರಿಗೂ ಹೇಳಿ ಎಂದರು. ಹೇಳಿದೆ. ಲೀಡರ್ ಕೇಳಿಸಿಕೊಂಡರು. ಕಂಪನಿಯವರಿಗೆ ಗೊತ್ತಾದರೆ ಆತನನ್ನು ನೆಲದ ಕೆಲಸಕ್ಕೆ ಹಾಕುತ್ತಾರೆ, ಸರ್ವಿಸ್ ಮುಗಿಯುವವರೆಗೆ ಹೇಗಾದರೂ ಸಂಭಾಳಿಸೋಣ ಎಂದರು. ಮಾಗಳದಾತ ನೆಲ ನೋಡುತ್ತ ನಿಂತಿದ್ದ.

ಮೂಲೆಯಲ್ಲಿ ಬಿದ್ದಿದ್ದ ಅತ್ತೆಯ ಕಾಲದ ಬೀಸುಕಲ್ಲನ್ನು ಹೊರಗೆ ತಂದು ತಿಕ್ಕಿ ತೊಳೆದೆ. ಮೊದಲು ಒಂದಿಷ್ಟು ಅಕ್ಕಿ ಬೀಸಿ ಆ ಹಿಟ್ಟನ್ನು ದನಕ್ಕೆ ಹಾಕಿದೆ. ಆಮೇಲೆ ಜೋಳ. ತೋಳು ಬಿದ್ದುಹೋಗುತ್ತಿತ್ತು. ನೆಗೆಣ್ಣಿ ಎದುರಿಗೆ ಕೂತು ಗೂಟದ ಮೇಲೆ ತನ್ನ ಕೈಯನ್ನೂ ಇಟ್ಟಳು. ಇಬ್ಬರೂ ದಿನಾ ಮಧ್ಯಾಹ್ನ ಬೀಸುತ್ತಿದ್ದೆವು. ದದ್ದು ಏಳುವುದು ನಿಂತಿತು. ಆತ ಖಾಲಿ ಡಬ್ಬಿಯನ್ನು ತೊಳೆದು ತಂದುಕೊಡುವಾಗ ತೋಳು ಮುಂದೆ ಚಾಚಿ, ನೋಡ್ರಿ ಎಂಬಂತೆ ತೋರಿಸುತ್ತಿದ್ದ. ಗುಡ್ಡದ ಕೆಲಸ ಮುಕ್ಕಾಲು ಪಾಲು ಮುಗಿಯಿತು. ಆತ ಆ ಸೂಜಿಯ ಡಬ್ಬಿಯನ್ನು ಮೇಲಕ್ಕೆ ಒಯ್ಯುವುದನ್ನೂ ಬಿಟ್ಟ. ಮೇಲಿನ ತಗಡಿನ ಕೋಣೆ ಒಲೆಯಂತೆ ಕಾಯುತ್ತದೆ, ಕಾವಿಗೆ ಮದ್ದು ಕೆಡುತ್ತದೆ, ಅದಕ್ಕೆ ಜೀಪಿನಲ್ಲಿ ನೀರಿನ ಕ್ಯಾನಿನ ಪಕ್ಕ ನೆರಳಿಗೆ ಇಟ್ಟಿರುತ್ತೇನೆ ಎಂದ. ನಿಮ್ಮ ಬುತ್ತಿ ಇರುವಾಗ ಅದರ ಗರಜೇ ಬೀಳುವುದಿಲ್ಲ ಎಂದೂ ಹೇಳಿದ. ಆ ಮಾತಿಗೆ ಖುಷಿಪಡಬೇಕಿತ್ತು. ನನಗೆ ಯಾಕೋ ಅದು ಸರಿಬರಲಿಲ್ಲ.

ಒಂದು ದಿನ ಸಾಮಾನು ತರಲು ಕೊಟ್ಟೂರಿಗೆ ಹೋದೆ. ಅಲ್ಲಿ ನನ್ನ ತಂಗಿಯ ಮನೆಯಿದೆ. ಹೊತ್ತಾದರೆ ಅಲ್ಲೇ ಉಳಿದು ಮೊದಲ ಬಸ್ಸಿಗೆ ಬರುತ್ತೇನೆ, ಬುತ್ತಿ ನೀನೇ ಕಟ್ಟು ಎಂದು ನೆಗೆಣ್ಣಿಗೆ ಹೇಳಿದ್ದೆ. ರೊಟ್ಟಿ ಬೇಯಿಸಿಟ್ಟೇ ಹೊರಟಿದ್ದೆ. ಕಿರಾಣಿ ಅಂಗಡಿಯವರ ಮುಂದೆ ಒಂದೊಂದು ಸಾಮಾನೂ ಕೈಗೆತ್ತಿಕೊಂಡು, ಇದರಲ್ಲಿ ಗೋಧಿ ಬೆರೆತಿದೆಯಾ ಎಂದು ಕೇಳುವುದು ಅಷ್ಟೊತ್ತಿಗೆ ನನಗೆ ಚಟವೇ ಆಗಿತ್ತು. ಅಂಗಡಿಯವರು ಹಿರಿಯರು, ಬೇಸರಪಡದೆ ಹೇಳುತ್ತಿದ್ದರು. ಮೆಣಸಿನಪುಡಿ ಸೈ. ಅರಿಶಿನ ಸೈ. ಇಂಗಿನ ಪೊಟ್ಟಣ ಕೈಗೆ ಬಂದಾಗ ಅವರು ತಲೆ ಅಲ್ಲಾಡಿಸಿದರು.

"ಇಂಗು ಬ್ಯಾಡಮ್ಮ. ಬರೀ ಇಂಗು ಯಾರೂ ಮಾರಂಗಿಲ್ಲ. ಮೈದಾನೋ ಗೋಧಿ ಹಿಟ್ಟೋ ಕೂಡಿಸಿ ಅರದಿರ್ತಾರ. ಸಂತಿಯಾಗ ಸಿಗೋ ಪುಡಿ ಇಂಗಿನಾಗಂತೂ ಹಿಟ್ಟೇ ಜಾಸ್ತಿ."

ಪೊಟ್ಟಣವನ್ನು ತಟ್ಟನೆ ಕೆಳಗಿಟ್ಟೆ. ಆಮೇಲೆ ಸಮಾಧಾನವಾಯಿತು. ಆತನ ಬುತ್ತಿಗೆ ನಾನು ಯಾವತ್ತೂ ಇಂಗು ಹಾಕಿರಲಿಲ್ಲ. ಹಿಂಡಿಗೆ ಬೆಳ್ಳುಳ್ಳಿ ಇದ್ದಮೇಲೆ ಇಂಗು ಯಾಕೆ? ದೇವರೇ ಕಾಪಾಡಿದ ಎಂದುಕೊಂಡೆ. ಊರಿಗೆ ಫೋನು ಹಚ್ಚಬೇಕು ಎಂದು ಅನ್ನಿಸಲೇ ಇಲ್ಲ. ತಂಗಿಯ ಮನೆಯಲ್ಲಿ ಉಂಡು ಮಲಗಿದೆ.

ಮೊದಲ ಬಸ್ಸಿಗೆ ಹರಪನಹಳ್ಳಿಗೆ ಬಂದು, ಅಲ್ಲಿಂದ ಟಂಟಂ ಆಟೋ ಹಿಡಿದು ಮನೆ ಸೇರುವಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ನೆಗೆಣ್ಣಿ ಪಾತ್ರೆ ತಿಕ್ಕುತ್ತಿದ್ದಳು. ಹಿತ್ತಿಲ ಕಡೆಯ ಒಲೆಯ ಮೇಲೆ ಇಡ್ಲಿ ಪಾತ್ರೆ ಇತ್ತು. ಅದು ಅಲ್ಲಿಗೆ ಯಾಕೆ ಬಂತು ಎಂದೆ. ಅವಳು ಸಂತೋಷದಿಂದ ಹೇಳಿದಳು. ಪಾಪ, ದಿನಾ ಅದೇ ಒಣ ರೊಟ್ಟಿ ಕಡಿಯುತ್ತಾನೆ, ಮೆತ್ತಗೆ ತಿನ್ನಲಿ ಎಂದು ಆವಿಯಲ್ಲಿ ಬೇಯಿಸಿ ನುಚ್ಚಿನುಂಡೆ ಮಾಡಿ ಕಟ್ಟಿದೆ. ತೊಗರಿಬೇಳೆ, ಕಡಲೆಬೇಳೆ ಬಿಟ್ಟರೆ ಬೇರೇನಿಲ್ಲ, ಗೋಧಿಯ ಸೋಂಕೂ ಇಲ್ಲ. ಪಾತ್ರೆಯನ್ನೂ ಬೂದಿ ಹಾಕಿ ತಿಕ್ಕಿಕೊಂಡೆ ಎಂದಳು.

ಅಷ್ಟರಲ್ಲಿ ಒಲೆಯ ಗೂಡಿನಲ್ಲಿದ್ದ ಸಣ್ಣ ಕರಡಿಗೆ ನನ್ನ ಕಣ್ಣಿಗೆ ಬಿತ್ತು. ಇಂಗಿನದು. ಸಂತೆಯಲ್ಲಿ ತಂದದ್ದು.

ಇದನ್ನು ಹಾಕಿದೆಯಾ ಎಂದು ಕೇಳಿದೆ.

"ಹಾಕಿದ್ನಲ್ಲಕ್ಕ. ಬ್ಯಾಳಿ ಪದಾರ್ಥ, ಮ್ಯಾಲ ಹೋದಾಗ ಹೊಟ್ಟಿ ಉಬ್ಬಿದ್ರ ಎಲ್ಲಿ ಹೋಗ್ತಾನ? ಈ ಇಂಗಿಗೆ ವಾಸನಿನೇ ಇಲ್ಲ, ಅದಕ್ಕ ಎಲ್ಡು ಚಮಚಿ ಹಾಕೀನಿ."

ವಾಸನೆ ಯಾಕಿಲ್ಲ ಎಂಬುದು ನನಗೆ ಹಿಂದಿನ ದಿನವಷ್ಟೇ ಗೊತ್ತಾಗಿತ್ತು.

ಲೀಡರಿಗೆ ಫೋನು ಮಾಡಿದೆ. ಹತ್ತಲಿಲ್ಲ. ಗುಡ್ಡದ ಅಂಚು ಬಿಟ್ಟರೆ ಮೇಲೆ ಎಲ್ಲೂ ಸಿಗ್ನಲ್ ಇರುವುದಿಲ್ಲ, ಎಲ್ಲರ ಫೋನೂ ಜೀಪಿನಲ್ಲೇ ಬಿದ್ದಿರುತ್ತವೆ. ಡ್ರೈವರನ ನಂಬರ್ ನನ್ನ ಹತ್ತಿರ ಇರಲಿಲ್ಲ. ಮನೆಯವರು ಹೊಲಕ್ಕೆ ಹೊರಟು ಬೈಕಿನ ಮೇಲೆ ಕೂತಿದ್ದರು. ಅವರ ಹಿಂದೆ ಕೂತು ಗುಡ್ಡದ ಕಡೆ ಹೊಡೀರಿ ಎಂದೆ. ಏನು, ಯಾಕೆ ಎಂದು ಕೇಳಲಿಲ್ಲ ಅವರು. ನೆಗೆಣ್ಣಿ ಬೂದಿ ಹತ್ತಿದ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು.

ಗುಡ್ಡದ ಕಚ್ಚಾ ರಸ್ತೆಯಲ್ಲಿ ಕಲ್ಲು ಹಾರುತ್ತಿದ್ದವು. ಅವರು ಯಾವ ಟವರಿನಲ್ಲಿದ್ದಾರೆಂದು ನಮಗೆ ಗೊತ್ತಿರಲಿಲ್ಲ. ಆದರೆ ಸಾಲಿನ ಫ್ಯಾನುಗಳೆಲ್ಲ ಆಗಲೇ ತಿರುಗತೊಡಗಿದ್ದವು, ತುದಿಯದೊಂದು ಮಾತ್ರ ಕದಲದೆ ನಿಂತಿತ್ತು. ಗಾಳಿಯಿದ್ದೂ ಫ್ಯಾನು ನಿಂತಿದೆ ಅಂದರೆ ಅದರ ನೆತ್ತಿಯಲ್ಲಿ ಮನುಷ್ಯರಿದ್ದಾರೆ ಅಂತ. ನನ್ನ ಸೆರಗು ಹಿಂದಕ್ಕೆ ಪಟಪಟ ಹೊಡೆದುಕೊಳ್ಳುತ್ತಿತ್ತು. ದಿನಾ ಇಷ್ಟು ಹೊತ್ತಿಗೇ ಗಾಳಿ ಏಳುತ್ತಿತ್ತೋ, ಆವತ್ತೇ ಬೇಗ ಎದ್ದಿತ್ತೋ, ನನಗೆ ತಿಳಿಯಲಿಲ್ಲ.

ಜೀಪಿನ ನೆರಳಲ್ಲಿ ಡ್ರೈವರ್ ಕೂತಿದ್ದ. ಆತನ ಕೈಯಲ್ಲಿ ವಾಕಿಟಾಕಿ ಇತ್ತು. ಬುತ್ತಿ ಬಿಚ್ಚಿದರಾ ಕೇಳು ಎಂದೆ. ಆತ ಕೇಳಿದ. ಒಳಗಿನಿಂದ ಲೀಡರ್ ದನಿ ಗರಗರ ಎನ್ನುತ್ತ ಬಂತು. ಉಂಡಾಯಿತು, ಬೋಲ್ಟು ಬಿಗಿಯುತ್ತಿದ್ದೇವೆ ಎಂದರು. ಮಾಗಳದಾತ ಹೇಗಿದ್ದಾನೆ ಎಂದು ಕೇಳಿಸಿದೆ. ಚೆನ್ನಾಗಿದ್ದಾನೆ, ಕುತ್ತಿಗೆ ತುರಿಸಿಕೊಳ್ಳುತ್ತಿದ್ದಾನೆ ಅಷ್ಟೆ ಎಂದು ಉತ್ತರ ಬಂತು.

ಡ್ರೈವರ್ ವಾಕಿಟಾಕಿಯ ಗುಂಡಿ ಒತ್ತಿ ನನ್ನ ಬಾಯಿಯ ಹತ್ತಿರ ಹಿಡಿದ. ಇಂಗಿನ ಸಂಗತಿ ಹೇಳಿದೆ. ಮೊದಲು ಆತನ ಕೈಯಿಂದ ಪಾನಾ ಕಸಿದುಕೊಳ್ಳಿ, ಕೂರಿಸಿ ಎಂದೆ. ಆಮೇಲೆ ಲೀಡರ್ ಮಾತಾಡಿದರು. ಆತನ ತುಟಿ ದಪ್ಪಗಾಗುತ್ತಿದೆ, ಮದ್ದು ಕೆಳಗಿದೆ, ಗಟ್ಟಿಯಾಗಿರುವಾಗಲೇ ಏಣಿಯಲ್ಲಿ ಇಳಿಸಿಕೊಂಡು ಬರುತ್ತೇವೆ ಎಂದರು. ಅವರು ಹೇಳಿದ್ದರಲ್ಲೂ ನ್ಯಾಯವಿತ್ತು. ಮೇಲೆ ಕೂತರೆ ಮದ್ದಿಲ್ಲ, ಗಾಳಿ ಬೇರೆ ಏರುತ್ತಿದೆ. ಆದರೆ ಡಾಕ್ಟರು ಹೇಳಿದ ಒಂದೊಂದು ಮಾತೂ ನನ್ನ ಕಿವಿಯಲ್ಲಿತ್ತು. ಆ ಏಣಿ ಇಳಿಯುವುದೆಂದರೆ ಅರ್ಧ ದಾರಿಯಲ್ಲಿ, ಉಸಿರು ಸಿಗದೆ, ಬೆಲ್ಟಿನ ಕೊಂಡಿಗೆ ಜೋತುಬಿದ್ದು ಸಾಯುವುದು.

"ಏಣಿ ಮುಟ್ಟಿಸಬ್ಯಾಡ್ರಿ ಸಾರ್," ಎಂದೆ. "ಇಳಿಯಾಕ ಹತ್ತಿದ್ರ ಆತ ಕೆಳಗ ಮುಟ್ಟಂಗಿಲ್ಲ. ಮದ್ದು ನಾವು ಮ್ಯಾಲ ಕಳಸ್ತೀವಿ. ಆತನ್ನ ಅಲ್ಲೇ ಮಲಗಸ್ರಿ."

ಮತ್ತೆ ಗರಗರ ಸದ್ದು. ಆಮೇಲೆ ಒಂದೇ ಮಾತು ಬಂತು, ಚೈನ್ ಬಿಡ್ತೀನಿ.

ಮೇಲಿನ ಕೋಣೆಯ ಹಿಂಭಾಗದ ನೆಲದಲ್ಲಿ ಒಂದು ಬಾಗಿಲಿದೆ. ಅದನ್ನು ತೆರೆದು ಸಾಮಾನಿನ ಚೀಲಗಳನ್ನು ಸರಪಳಿಯಿಂದ ಎಳೆದುಕೊಳ್ಳುತ್ತಾರೆ. ಆ ಸರಪಳಿ ಆಕಾಶದಿಂದ ನಿಧಾನಕ್ಕೆ ಇಳಿಯತೊಡಗಿತು. ಗಾಳಿಗೆ ಸಿಕ್ಕಿ ಟವರಿನ ಮೈಗೆ ಬಡಿದು ಠಣ್ ಠಣ್ ಎನ್ನುತ್ತಿತ್ತು. ಅದು ಇಳಿಯುವುದನ್ನು ನೋಡುತ್ತ ನಿಲ್ಲುವುದು ಬಿಟ್ಟು ನಮಗೆ ಮಾಡಲು ಏನೂ ಇರಲಿಲ್ಲ. ಕೊಕ್ಕೆ ಕೈಗೆ ಸಿಕ್ಕಾಗ ಡ್ರೈವರ್ ಸೂಜಿಯ ಡಬ್ಬಿಯನ್ನು ಚೀಲದಲ್ಲಿಟ್ಟು ಕಟ್ಟಿದ. ನಾನು ನನ್ನ ಕರವಸ್ತ್ರದಿಂದ ಚೀಲದ ಬಾಯಿಗೆ ಇನ್ನೊಂದು ಗಂಟು ಹಾಕಿದೆ. ಚೀಲ ಮೇಲೆ ಹೋಯಿತು. ಚಿಕ್ಕದಾಗುತ್ತ, ಅತ್ತಿತ್ತ ತೂಗುತ್ತ, ಒಂದು ಚುಕ್ಕೆಯಾಯಿತು. ಆ ಹೊತ್ತಿಗೆ ವಾಕಿಟಾಕಿಯ ಗುಂಡಿಯನ್ನು ಮೇಲೆ ಯಾರೋ ಒತ್ತಿಹಿಡಿದಿದ್ದರು. ಮಾತಿರಲಿಲ್ಲ. ಒಬ್ಬ ಮನುಷ್ಯ ಉಸಿರು ಎಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಸೀಟಿ ಊದಿದಂತಿತ್ತು ಅದು.

ಸೂಜಿ ಯಾವ ಜಾಗಕ್ಕೆ, ಹೇಗೆ ಎಂದು ಕೆಳಗಿನಿಂದ ಹೇಳಿದೆ. ಬಟ್ಟೆಯ ಮೇಲೆಯೇ ಚುಚ್ಚಿ ಎಂದೆ. ಚುಚ್ಚಿದರು. ಒಂದಷ್ಟು ಹೊತ್ತಿನ ಮೇಲೆ ಸೀಟಿ ಸಣ್ಣದಾಗಿದೆ ಎಂದರು ಲೀಡರ್. ಅಷ್ಟರಲ್ಲಿ ನನ್ನ ಗಂಡ ಗುಡ್ಡದ ಅಂಚಿಗೆ ಓಡಿ ಸಿಗ್ನಲ್ ಸಿಗುವ ಕಡೆ ನಿಂತು, ಜೀಪಿನಲ್ಲಿದ್ದ ಮಾಗಳದಾತನ ಫೋನಿನಿಂದ ಡಾಕ್ಟರನ್ನು ಹಿಡಿದಿದ್ದರು. ಮದ್ದಿನ ಬಲ ಇಳಿದಮೇಲೆ ಅದು ಮತ್ತೆ ಬರಬಹುದು, ಆಸ್ಪತ್ರೆ ಮುಟ್ಟಲೇಬೇಕು ಎಂದರಂತೆ ಡಾಕ್ಟರು. ಅದನ್ನು ಮೇಲಕ್ಕೆ ತಿಳಿಸಿದೆವು.

ಮುಂದಿನದನ್ನು ನಿರ್ಧರಿಸಿದವರು ಲೀಡರ್. ಅದು ಅವರೊಬ್ಬರೇ ಹೊರಬೇಕಾದ ಭಾರವಾಗಿತ್ತು. ಆಪತ್ತಿಗೆಂದು ಮೇಲೆ ಒಂದು ಹಗ್ಗದ ಯಂತ್ರ ಇಟ್ಟಿರುತ್ತಾರೆ. ಮನುಷ್ಯನನ್ನು ಬೆಲ್ಟಿಗೆ ಕಟ್ಟಿ ಆ ನೆಲದ ಬಾಗಿಲಿನಿಂದ ಹೊರಗೆ ಬಿಟ್ಟರೆ ಅದು ತಾನೇ ನಿಧಾನವಾಗಿ ಇಳಿಸುತ್ತದೆ, ಇಳಿಯುವವನು ಕೈಕಾಲು ಆಡಿಸಬೇಕಿಲ್ಲ. ಗಾಳಿ ಜೋರಿದ್ದರೆ ಅದನ್ನು ಬಳಸುವಂತಿಲ್ಲ. ಗಾಳಿ ಮಿತಿಯ ಹತ್ತಿರ ಬಂದಿದೆ ಎಂದರು. ಕಾದರೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ ಎಂದರು. ಕೊನೆಗೆ, ಕೆಳಗೆ ಹಗ್ಗದ ತುದಿ ಹಿಡಿಯಲು ಇಬ್ಬರು ತಯಾರಿರಿ, ಬಿಡುತ್ತಿದ್ದೇವೆ ಎಂದರು.

ಮೊದಲು ಬೂಟುಗಳು ಕಂಡವು. ಆಮೇಲೆ ಜೋತುಬಿದ್ದ ಕಾಲುಗಳು. ಆತ ಗಾಳಿಗೆ ಬುಗುರಿಯಂತೆ ಸುತ್ತುತ್ತ ಇಳಿಯುತ್ತಿದ್ದ. ಡ್ರೈವರ್ ಮತ್ತು ನನ್ನ ಗಂಡ ಆತನ ಬೆಲ್ಟಿನಿಂದ ಇಳಿಬಿದ್ದ ಹಗ್ಗವನ್ನು ಬಿಗಿಯಾಗಿ ಎಳೆದು, ಟವರಿನಿಂದ ದೂರಕ್ಕೆ ಓಡಿ ನಿಂತರು. ಒಮ್ಮೆ ಗಾಳಿ ಜೋರಾಗಿ ತಳ್ಳಿತು. ಆತನ ಭುಜ ಟವರಿಗೆ ತಾಗಿತು. ಮೇಲಿನಿಂದ ಲೀಡರ್ ಕೂಗಿದ್ದು ಏನೆಂದು ತಿಳಿಯಲಿಲ್ಲ. ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಹಗ್ಗ ಹರಿಯುತ್ತದೆ ಎಂಬಂತೆ ನೋಡುತ್ತಲೇ ನಿಂತೆ.

ನೆಲಕ್ಕೆ ಬಂದಾಗ ಆತನ ಮುಖದ ಗುರುತೇ ಸಿಗಲಿಲ್ಲ. ಕಣ್ಣುಗಳು ಬರೀ ಗೀಟುಗಳಾಗಿದ್ದವು. ಜೀಪಿನ ಹಿಂದಿನ ಸೀಟಿನಲ್ಲಿ ಒರಗಿಸಿ, ಕಾಲುಗಳನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಹರಪನಹಳ್ಳಿಯ ದಾರಿಯುದ್ದಕ್ಕೂ ಆತನ ಎದೆಯನ್ನೇ ನೋಡುತ್ತಿದ್ದೆ. ಊರು ಹತ್ತಿರ ಬರುವಾಗ ಸೀಟಿಯ ಸದ್ದು ಮತ್ತೆ ಶುರುವಾಯಿತು. ಡಾಕ್ಟರು ಹೇಳಿದಂತೆ ಅದು ಮರಳಿ ಬಂದಿತ್ತು. ಡ್ರೈವರ್ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಕಾಯುತ್ತಿದ್ದರು. ನನ್ನ ಗಂಡ ಹೇಳಿದ್ದಕ್ಕೆ ದಾವಣಗೆರೆಯ ಡಾಕ್ಟರೇ ಅಲ್ಲಿಗೆ ಫೋನು ಮಾಡಿದ್ದರು. ಮತ್ತೊಂದು ಸೂಜಿ, ಮೂಗಿಗೆ ಗಾಳಿಯ ಕೊಳವೆ. ಪರದೆ ಎಳೆದರು. ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಎಷ್ಟೋ ಹೊತ್ತಿನ ಮೇಲೆ ನರ್ಸ್ ಬಂದು, ಬೆಳಿಗ್ಗೆ ಏನು ತಿಂದಿದ್ದ ಎಂದು ಕೇಳಿದಳು. ಇಂಗಿನವರೆಗೂ ಎಲ್ಲ ಹೇಳಿದೆ. ಅವಳು ಬರೆದುಕೊಂಡು, ಈಗ ಉಸಿರು ಸಲೀಸಾಗಿದೆ, ನಿದ್ದೆ ಮಾಡುತ್ತಿದ್ದಾನೆ ಎಂದಳು.

ಆತ ಬದುಕಿದ. ಲೀಡರ್ ನಡೆದದ್ದನ್ನೆಲ್ಲ ಮುಚ್ಚಿಡದೆ ಕಂಪನಿಗೆ ತಿಳಿಸಿದರು. ಮೊದಲೇ ತಿಳಿಸಬೇಕಿತ್ತು ಎಂದು ನನ್ನ ಎದುರೇ ಒಂದು ಸಲ ಅಂದರು. ಮಾಗಳದಾತನನ್ನು ಟವರಿನಿಂದ ತೆಗೆದು, ಕರೆಂಟ್ ಬಂದು ಸೇರುವ ಕೆಳಗಿನ ಸ್ಟೇಷನ್ನಿಗೆ ಹಾಕಿದರು.

ನಮ್ಮ ಮನೆಯಲ್ಲಿ ನೆಗೆಣ್ಣಿ ಒಲೆಯ ಹತ್ತಿರ ಬರುವುದನ್ನು ಬಿಟ್ಟಳು. ನೀರು ತರುತ್ತಿದ್ದಳು, ದನ ಕಟ್ಟುತ್ತಿದ್ದಳು, ಪಾತ್ರೆ ತಿಕ್ಕುತ್ತಿದ್ದಳು. ಹಿಟ್ಟು ಮುಟ್ಟುತ್ತಿರಲಿಲ್ಲ. ನಿನಗೆ ಹೇಗೆ ಗೊತ್ತಾಗಬೇಕಿತ್ತು, ಕೊಟ್ಟೂರಿಗೆ ಹೋಗುವವರೆಗೆ ನನಗೂ ಗೊತ್ತಿರಲಿಲ್ಲ, ನಾನು ಮನೆಯಲ್ಲಿದ್ದಿದ್ದರೂ ಹಾಕುತ್ತಿದ್ದೆನೇನೋ ಎಂದು ಎಷ್ಟು ಸಲ ಹೇಳಿದರೂ ಅವಳು ತಲೆಯಾಡಿಸಿ ಎದ್ದುಹೋಗುತ್ತಿದ್ದಳು. ಮಕ್ಕಳು ಊಟ ಮಾಡುವಾಗ ಅವರ ತುಟಿಗಳನ್ನೇ ದಿಟ್ಟಿಸುತ್ತಿದ್ದಳು. ನನಗೆ ಅವಳ ಬಗ್ಗೆಯೇ ಭಯ ಶುರುವಾಯಿತು.

ಮಾಗಳದಾತ ಕೆಲಸಕ್ಕೆ ಮರಳಿದ ಮೊದಲ ಬೆಳಿಗ್ಗೆ ನಮ್ಮ ಮನೆಗೆ ಬಂದ. ಬಂದವನು ನನ್ನನ್ನು ದಾಟಿ ಹಿತ್ತಿಲಿಗೆ ಹೋದ. ಅಲ್ಲಿ ನೆಗೆಣ್ಣಿ ಬಟ್ಟೆ ಒಗೆಯುತ್ತಿದ್ದಳು. ಆತನನ್ನು ನೋಡಿ ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು. ಆತ ಹೇಳಿದ್ದು ಇಷ್ಟೇ:

"ಅಕ್ಕಾರ, ಅವತ್ತು ನುಚ್ಚಿನುಂಡಿ ಭಾಳ ರುಚಿ ಇದ್ವು. ಇಂಗು ಬಿಟ್ಟು ಮತ್ತ ಮಾಡ್ರಿ. ನೀವಾ ಮಾಡ್ರಿ."

ಅವಳು ನನ್ನ ಮುಖ ನೋಡಿದಳು. ಆ ಸಂಜೆ ಅವಳು ಬೇಳೆ ತೊಳೆದಳು. ಎಷ್ಟು ನೀರಿನಲ್ಲಿ ತೊಳೆದಳೋ, ಹಿತ್ತಿಲೆಲ್ಲ ಒದ್ದೆಯಾಯಿತು. ಒರಳಿನಲ್ಲಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಹಸಿಶುಂಠಿ, ಹಸಿಮೆಣಸು ಕೂಡಿಸಿ ಉಂಡೆ ಕಟ್ಟಿ ಆವಿಗೆ ಇಟ್ಟಳು. ಹೊಟ್ಟೆ ಉಬ್ಬದಿರಲು ಶುಂಠಿಯೇ ಸಾಕೆಂದು ತನ್ನಷ್ಟಕ್ಕೆ ಹೇಳಿಕೊಂಡಳು. ಉಪ್ಪು ಹಾಕುವಾಗಲೂ ನನ್ನನ್ನು ಕರೆದು ತೋರಿಸಿದಳು.

ಮರುದಿನ ಬೆಳಿಗ್ಗೆ ಆತ ಬುತ್ತಿಯನ್ನು ಒಯ್ಯಲಿಲ್ಲ. ಅಡುಗೆಮನೆಯಲ್ಲೇ ಚಾಪೆಯ ಮೇಲೆ ಕೂತು ಡಬ್ಬಿ ಬಿಚ್ಚಿದ. ಒಂದು ಉಂಡೆ ಮುರಿದು ಬಾಯಿಗಿಟ್ಟ. ಇನ್ನೊಂದು ತಿಂದ. ನೀರು ಕುಡಿದು ಸುಮ್ಮನೆ ಕೂತ. ನಾವಿಬ್ಬರೂ ಗೋಡೆಗೆ ಒರಗಿ ನಿಂತಿದ್ದೆವು. ಹೊರಗೆ ಯಾರೋ ಆಡು ಹೊಡೆದುಕೊಂಡು ಹೋದರು. ಬಾಗಿಲ ಬಿಸಿಲು ಹೊಸ್ತಿಲಿನಿಂದ ಚಾಪೆಯ ಅಂಚಿನವರೆಗೆ ಬಂತು. ಆತ ಎದ್ದು, ಅಂಗಳದಲ್ಲಿದ್ದ ತುಂಬಿದ ನೀರಿನ ಕೊಡಗಳನ್ನು ಒಂದೊಂದಾಗಿ ಎತ್ತಿ ಬಚ್ಚಲಲ್ಲಿ ಇಟ್ಟ. ನಾವು ಬೇಡ ಎನ್ನುವಷ್ಟರಲ್ಲಿ ಮುಗಿಸಿಯೂ ಆಗಿತ್ತು. ಹಣೆಯ ಮೇಲೆ ಬೆವರು ಬಂತು. ಬೇಕೆಂದೇ ದಣಿದಿದ್ದ. ಬಂದು ಮತ್ತೆ ಚಾಪೆಯ ಮೇಲೆ ಕೂತು ಎರಡೂ ತೋಳುಗಳನ್ನು ಅವಳ ಮುಂದೆ ಚಾಚಿದ.

ನೆಗೆಣ್ಣಿ ಬಗ್ಗಿ ನೋಡಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ, ಆ ಕಡೆ, ಈ ಕಡೆ. ಆಮೇಲೆ ಕುತ್ತಿಗೆ ನೋಡಿದಳು, ತುಟಿ ನೋಡಿದಳು. ಬಹಳ ಹೊತ್ತು ನೋಡಿದಳು. ಕೊನೆಗೆ ಒಲೆಯ ಕಡೆ ತಿರುಗಿ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು, ಉಳಿದಿದ್ದ ಉಂಡೆಗಳಲ್ಲಿ ಒಂದನ್ನು ತಾನೇ ಬಾಯಿಗೆ ಹಾಕಿಕೊಂಡಳು. ಎಷ್ಟೋ ದಿನಗಳ ಮೇಲೆ ಅವಳು ಒಲೆಯ ಮುಂದೆ ಕೂತು ಏನನ್ನಾದರೂ ತಿಂದದ್ದು ಅದೇ ಮೊದಲು.